ಮೊದಲ ಹಾಡಿಗೆ ಒಂದೇ ತಂತಿ ಸಾಕು

ಮೈಸೂರಿನಲ್ಲಿ ನಮ್ಮ ಮನೆಯ ಮಹಡಿ ಮೇಲೆ ಒಂದು ರೂಮಿದೆ. ಶನಿವಾರ, ಭಾನುವಾರ ಬೆಳಗ್ಗೆ ಅಲ್ಲಿ ಏಳೆಂಟು ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತೇನೆ. ವಾರದ ಉಳಿದ ದಿನ ನನಗೆ ಬೇರೆ ಕೆಲಸ ಇದೆ, ಇದು ಹೊಟ್ಟೆಪಾಡಲ್ಲ. ಬರುವವರೆಲ್ಲ 8ರಿಂದ 12 ವರ್ಷದ ಒಳಗಿನವರು. ಶುರು ಮಾಡಿದ ವರ್ಷ ಹತ್ತು ಮಕ್ಕಳು ಸೇರಿದ್ದರು, ದಸರಾ ರಜೆ ಮುಗಿಯುವಷ್ಟರಲ್ಲಿ ಉಳಿದವರು ಮೂವರು. ಅವರಲ್ಲೂ ಒಬ್ಬ ನನ್ನ ಅಕ್ಕನ ಮಗ, ಅವನಿಗೆ ಬಿಡುವ ಸ್ವಾತಂತ್ರ್ಯ ಇರಲಿಲ್ಲ.

ತಪ್ಪು ನನ್ನದೇ. ನಾನು ಕಲಿತ ದಾರಿಯಲ್ಲೇ ಅವರನ್ನೂ ಕರೆದುಕೊಂಡು ಹೋಗಿದ್ದೆ. ನಾನು ಗಿಟಾರ್ ಹಿಡಿದದ್ದು ಕಾಲೇಜಿನಲ್ಲಿ, 19ನೇ ವಯಸ್ಸಿಗೆ. ಮೊದಲ ದಿನ ಸಿ ಕಾರ್ಡ್ (ಕೆಲವು ಸ್ವರ ಒಟ್ಟಿಗೆ ಒತ್ತಿ ಮೀಟುವುದು), ಆಮೇಲೆ ಜಿ, ಆಮೇಲೆ ಆ ಹಾಳು ಎಫ್. ಆ ವಯಸ್ಸಿನಲ್ಲಿ ಹಠ ಇರುತ್ತದೆ, ಕಾಲೇಜ್ ಡೇಗೆ ಸ್ಟೇಜ್ ಹತ್ತಬೇಕು ಅನ್ನೋ ಆಸೆ ಇರುತ್ತದೆ, ಬೆರಳು ಉರಿದರೂ ಬಿಡುವುದಿಲ್ಲ. ಎಂಟು ವರ್ಷದ ಮಗುವಿಗೆ ಅದ್ಯಾವುದೂ ಇಲ್ಲವಲ್ಲ. ಸಿ ಕಾರ್ಡಿಗೆ ಮೂರು ಬೆರಳು ಮೂರು ಬೇರೆ ಬೇರೆ ಫ್ರೆಟ್‌ನಲ್ಲಿ (ಗಿಟಾರಿನ ಕತ್ತಿನ ಮೇಲಿನ ಅಡ್ಡ ಕಂಬಿಗಳು), ಮೂರು ಬೇರೆ ಬೇರೆ ತಂತಿ ಮೇಲೆ ಕೂರಬೇಕು, ಪಕ್ಕದ ತಂತಿಗೆ ತಾಗಬಾರದು. ತಾಗುತ್ತದೆ. ಆಗ ಬರುವ ಶಬ್ದ ಡಬ್ಬ ಬಡಿದ ಹಾಗಿರುತ್ತದೆ. ಮೂರನೇ ವಾರ ಒಬ್ಬ ಹುಡುಗಿ, 'ಸರ್, ಹಾಡು ಯಾವಾಗ?' ಎಂದು ಕೇಳಿದಳು. 'ಮೊದಲು ಕಾರ್ಡ್ ಬರಲಿ ಪುಟ್ಟಿ' ಅಂದೆ. ಮುಂದಿನ ವಾರದಿಂದ ಅವಳು ಬರಲಿಲ್ಲ.

ದಾರಿ ತೋರಿಸಿದ್ದು ಒಬ್ಬರು ಅಜ್ಜಿ. ಮೊಮ್ಮಗಳನ್ನು ಬಿಡಲು ಬಂದವರು ಮೆಟ್ಟಿಲು ಇಳಿದು ಮತ್ತೆ ಹತ್ತುವುದು ಯಾಕೆ ಅಂತ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ವೀಣೆ ಕಲಿತಿದ್ದವರು. ಒಂದು ಭಾನುವಾರ ನಾನು ಮಕ್ಕಳಿಗೆ ತಂತಿ ಒತ್ತುವುದನ್ನು ತಿದ್ದುತ್ತಾ ಒದ್ದಾಡುತ್ತಿದ್ದೆ. ಅವರು ಕೂತಲ್ಲಿಂದಲೇ, 'ಮೆಟ್ಟಿನ ಪಕ್ಕದಲ್ಲಿ ಒತ್ತಮ್ಮ, ನಡುವೆ ಅಲ್ಲ' ಅಂದರು. ವೀಣೆಯವರಿಗೆ ಫ್ರೆಟ್ ಅಂದರೆ ಮೆಟ್ಟು. ಮಗು ಬೆರಳನ್ನು ಮುಂದಿನ ಕಂಬಿಯ ಹತ್ತಿರಕ್ಕೆ ಸರಿಸಿತು, ಅರ್ಧ ಬಲಕ್ಕೇ ಸ್ವರ ಚೊಕ್ಕವಾಗಿ ಬಂತು. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಆದರೆ ನಾನು ಮೊದಲು ಹೇಳಬೇಕಾದದ್ದನ್ನು ನಾಲ್ಕನೇ ವಾರಕ್ಕೆ ಇಟ್ಟುಕೊಂಡಿದ್ದೆ.

ಆಮೇಲೆ ಅವರು ಕೇಳಿದರು: 'ಏನಪ್ಪಾ, ಇವಕ್ಕೆಲ್ಲ ಬರೋ ಹಾಡು ಒಂದೂ ಇಲ್ವಾ? ಆ ಟ್ವಿಂಕಲ್ ಟ್ವಿಂಕಲ್ ಹೇಳ್ತಾವಲ್ಲ, ಅದು ಶಂಕರಾಭರಣ ರಾಗ ತಾನೆ?' ಹಾಗಂದು ಮೆಲ್ಲಗೆ ಹಾಡಿಬಿಟ್ಟರು: ಸ ಸ ಪ ಪ ದ ದ ಪ, ಮ ಮ ಗ ಗ ರಿ ರಿ ಸ. ತೊಡೆ ಮೇಲೆ ತಾಳ ಬೇರೆ. ಏಳು ಸ್ವರ, ಕೊನೆಯದನ್ನು ಒಂದು ಎಣಿಕೆ ಎಳೆದರೆ ಎಂಟು. ಎಂಟು ಎಣಿಕೆಯ ಆದಿತಾಳದ ಒಂದು ಆವರ್ತ, ಅಂದರೆ ಒಂದು ಸುತ್ತು, ಸರಿಯಾಗಿ ಮುಗಿಯಿತು. ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಇಷ್ಟು ವರ್ಷ ಗಿಟಾರ್ ಬಾರಿಸಿ ಈ ಲೆಕ್ಕ ನನಗೆ ಹೊಳೆದಿರಲಿಲ್ಲ.

ಅವತ್ತು ರಾತ್ರಿ ಕೂತು ಅದನ್ನು ಒಂದೇ ತಂತಿ ಮೇಲೆ ಹಾಕಿ ನೋಡಿದೆ, ಎಲ್ಲಕ್ಕಿಂತ ತೆಳುವಾದ ಮೊದಲನೇ ತಂತಿ. ಏನೂ ಒತ್ತದೆ ಮೀಟಿದರೆ ಸ, ಅದಕ್ಕೆ ಸೊನ್ನೆ. ರಿ 2ನೇ ಫ್ರೆಟ್, ಗ 4, ಮ 5, ಪ 7, ದ 9. ಹಾಡು ಹೀಗಾಯಿತು:

0 0 7 7 9 9 7
5 5 4 4 2 2 0

ನಡುವಿನ ಸಾಲು 7 7 5 5 4 4 2, ಅದು ಎರಡು ಸಲ. ಆಮೇಲೆ ಮತ್ತೆ ಮೊದಲಿನ ಎರಡು ಸಾಲು. ಒಟ್ಟು 42 ಸಲ ಮೀಟಿದರೆ ಹಾಡು ಮುಗಿಯಿತು, ತೋರುಬೆರಳು ಒಂದೇ ಸಾಕು. 0ಯಿಂದ 7ಕ್ಕೆ ಒಂದು ದೊಡ್ಡ ಜಿಗಿತ, ಆಮೇಲೆ ಮೆಟ್ಟಿಲು ಇಳಿದ ಹಾಗೆ ಇಳಿಯುವುದು. ಜಿಗಿತ ತಪ್ಪುತ್ತದೆ ಅಂತ ಭಯ ಇತ್ತು, ಆದರೆ ಹೆಚ್ಚಿನ ಗಿಟಾರ್‌ಗಳಲ್ಲಿ 5, 7, 9ನೇ ಫ್ರೆಟ್‌ಗೆ ಚುಕ್ಕಿ ಇರುತ್ತದೆ. ಇಲ್ಲದ 2 ಮತ್ತು 4ಕ್ಕೆ ನಾನು ಸ್ಟೇಷನರಿ ಅಂಗಡಿಯ ಬಣ್ಣದ ಸ್ಟಿಕ್ಕರ್ ಅಂಟಿಸಿದೆ. ಮುಂದಿನ ಬ್ಯಾಚ್ ಸೇರಿದಾಗ ಮೊದಲ ದಿನವೇ ಇದನ್ನು ಕೊಟ್ಟೆ. ಮುಕ್ಕಾಲು ಗಂಟೆಯಲ್ಲಿ ಆರು ಜನರಲ್ಲಿ ನಾಲ್ವರಿಗೆ ಮೊದಲ ಎರಡು ಸಾಲು ಬಂತು. ಕೆಳಗೆ ಕಾಯುತ್ತಿದ್ದ ಅಪ್ಪ ಅಮ್ಮಂದಿರು ಹಾಡು ಕೇಳಿ ಮೇಲೆ ಹತ್ತಿ ಬಂದರು.

ಒಂದು ಮಾತು, ಕೈಗೆ ಕೊಡುವ ಮೊದಲು ಬಾಯಿಗೆ ಕೊಡಬೇಕು. ಮೊದಲ ಹತ್ತು ನಿಮಿಷ ಗಿಟಾರ್ ಗೋಡೆಗೆ ಒರಗಿರುತ್ತದೆ. ಎಲ್ಲರೂ ಸ್ವರ ಹಾಡುವುದು, ಚಪ್ಪಾಳೆ ತಟ್ಟುವುದು. ಆಮೇಲೆ ಸ್ವರದ ಬದಲು ನಂಬರ್ ಹಾಡುವುದು, 'ಸೊನ್ನೆ ಸೊನ್ನೆ ಏಳು ಏಳು' ಅಂತ. ಇದನ್ನು ಬಿಟ್ಟು ನೇರ ತಂತಿಗೆ ಹೋದ ದಿನ ಮಕ್ಕಳು ನಂಬರ್ ನೋಡಿ ಟೈಪ್ ಮಾಡಿದ ಹಾಗೆ ಬಾರಿಸುತ್ತಾರೆ, ತಾಳ ಎಲ್ಲೋ ಹೋಗಿರುತ್ತದೆ. ಹಾಡುತ್ತಾ ಬಾರಿಸುವ ಮಗು ತಪ್ಪಿದರೆ ತಾನೇ ಮುಖ ಕಿವುಚಿಕೊಂಡು ಸರಿಮಾಡಿಕೊಳ್ಳುತ್ತದೆ, ನಾನು ಬಾಯಿ ಹಾಕಬೇಕಾಗಿಲ್ಲ.

ಇನ್ನು ವಾದ್ಯದ ವಿಷಯ. ಮಕ್ಕಳು ಬಿಡುವುದಕ್ಕೆ ಅರ್ಧ ಕಾರಣ ಗಿಟಾರೇ. ಹುಟ್ಟುಹಬ್ಬಕ್ಕೆ ಅಂತ ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿದ ಗಿಟಾರ್ ಬರುತ್ತದೆ, 40-41 ಇಂಚಿನ ದೊಡ್ಡವರದ್ದು, ಸ್ಟೀಲ್ ತಂತಿ, ತಂತಿ ಮತ್ತು ಫ್ರೆಟ್‌ನ ನಡುವೆ ಬೆರಳು ತೂರುವಷ್ಟು ಜಾಗ. ಮಗು ಅದನ್ನು ಅಪ್ಪಿಕೊಂಡರೆ ಬಲಗೈ ತಂತಿಗೆ ಎಟಕುವುದೇ ಕಷ್ಟ. ಒಂದು ಅಂಗಡಿಯವರು ನನಗೇ 'ಬೆಳೆಯೋ ಮಕ್ಕಳು ಸರ್, ದೊಡ್ಡದೇ ತಗೊಳ್ಳಿ' ಅಂತ ಎರಡು ಗಿಟಾರ್ ಮಾರಿದ್ದರು. ಸ್ಕೂಲ್ ಶೂ ತಗೊಂಡ ಹಾಗೆ ತಗೊಂಡುಬಿಟ್ಟೆ. ಒಂದರಲ್ಲಿ 12ನೇ ಫ್ರೆಟ್ ಹತ್ತಿರ ಸ್ಕೇಲ್ ಇಟ್ಟು ನೋಡಿದರೆ ತಂತಿ 5 ಮಿಲಿಮೀಟರ್ ಎತ್ತರದಲ್ಲಿತ್ತು. ರಿಪೇರಿಯವರ ಹತ್ತಿರ ಕೊಟ್ಟು, ಕೆಳಗೆ ತಂತಿ ಕೂರುವ ಬಿಳಿ ಪಟ್ಟಿಯನ್ನು ತಳದಿಂದ ಉಜ್ಜಿಸಿ ತಂತಿಯ ಎತ್ತರ ಅರ್ಧಕ್ಕೆ ಇಳಿಸಿದ ಮೇಲೆ ಅದು ಬೇರೆಯೇ ವಾದ್ಯ ಆಯಿತು. ಎಂಟು ಒಂಬತ್ತು ವರ್ಷದವರಿಗೆ ನೈಲಾನ್ ತಂತಿಯ ಮುಕ್ಕಾಲು ಸೈಜ್, ಸುಮಾರು 36 ಇಂಚಿನದ್ದು, ಒಳ್ಳೆಯದು. ಮನೆಯಲ್ಲಿ ದೊಡ್ಡದೇ ಇದ್ದರೆ 5ನೇ ಫ್ರೆಟ್‌ಗೆ ಕೇಪೊ (ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ಅಲ್ಲಿಂದ ಮುಂದೆ ಉಳಿಯುವ ತಂತಿಯ ಉದ್ದ ಹೆಚ್ಚುಕಮ್ಮಿ ಮುಕ್ಕಾಲು ಭಾಗ, ಫ್ರೆಟ್‌ಗಳೂ ಅಷ್ಟೇ ಕಿರಿದಾಗುತ್ತವೆ. ಹೊಸ ಗಿಟಾರ್ ಖರ್ಚು ಉಳಿಯಿತು ಅಲ್ವಾ?

ಕೇಪೊ ಇನ್ನೊಂದು ಕಾರಣಕ್ಕೂ ಬೇಕಾಗುತ್ತದೆ. ಎರಡು ಮೂರು ವಾರ ಆದಮೇಲೆ ಅದೇ ಹಾಡನ್ನು ಮೂರು ತಂತಿಗೆ ತರುತ್ತೇನೆ. ಈಗ ಸ ಅಂದರೆ ಮೂರನೇ ತಂತಿ, ಅದರ ಹೆಸರು ಜಿ, ಏನೂ ಒತ್ತದೆ ಬಿಟ್ಟದ್ದು. ರಿ ಅದೇ ತಂತಿಯ 2ನೇ ಫ್ರೆಟ್. ಗ ಎರಡನೇ ತಂತಿ ಬಿಟ್ಟದ್ದು, ಮ ಅದರ 1ನೇ ಫ್ರೆಟ್, ಪ 3ನೇ ಫ್ರೆಟ್. ದ ಮೊದಲನೇ ತಂತಿ ಬಿಟ್ಟದ್ದು. ತೋರುಬೆರಳು ಒಂದಕ್ಕೆ, ನಡುಬೆರಳು ಎರಡಕ್ಕೆ, ಉಂಗುರಬೆರಳು ಮೂರಕ್ಕೆ, ಯಾವ ಬೆರಳೂ ತನ್ನ ಮನೆ ಬಿಟ್ಟು ಹೋಗಬೇಕಾಗಿಲ್ಲ. ಆದರೆ ಈ ಜಿ ಮಕ್ಕಳ ದನಿಗೆ ತೀರಾ ಕೆಳಗೆ. ಹಾಡುವುದಕ್ಕೆ ಹೋದರೆ ಗೊಗ್ಗರು ದನಿ ತೆಗೆಯುತ್ತಾರೆ, ಇಲ್ಲವೇ ಬಾಯಿ ಮುಚ್ಚಿಬಿಡುತ್ತಾರೆ. 5ನೇ ಫ್ರೆಟ್‌ಗೆ ಕೇಪೊ ಹಾಕಿದರೆ ಶ್ರುತಿ ಸಿ ಗೆ ಏರುತ್ತದೆ, ದನಿ ಆರಾಮಾಗಿ ಕೂರುತ್ತದೆ. ಫ್ರೆಟ್ ಎಣಿಕೆ ಕೇಪೊದಿಂದ ಮುಂದಕ್ಕೆ, ಇದನ್ನು ಮಾತ್ರ ಹತ್ತು ಸಲ ಹೇಳಬೇಕು.

ಇಲ್ಲಿ ಒಂದು ಗೊಂದಲ ಆಗುತ್ತದೆ. 'ಮೊನ್ನೆ ಪ ಏಳರಲ್ಲಿತ್ತು, ಇವತ್ತು ಮೂರರಲ್ಲಿದೆ, ಯಾವುದು ಸರಿ?' ಮನೆ ಬದಲಾಯಿಸಿದರೆ ಬಾಗಿಲು ನಂಬರ್ ಬದಲಾಗುತ್ತೆ, ಮನುಷ್ಯರು ಅವರೇ ತಾನೆ, ಅಂದೆ. ಒಪ್ಪಿದರು. ಪುಣ್ಯಕ್ಕೆ ಮಕ್ಕಳು ಇಂಥದ್ದಕ್ಕೆ ನಮ್ಮಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ.

ತಂತಿಗಳ ಹೆಸರು ನೆನಪಿಡುವುದಕ್ಕೆ ನಾನು ಇಂಗ್ಲಿಷಿನ ವಾಕ್ಯ ಕೊಟ್ಟಿದ್ದೆ, ಯಾರಿಗೂ ನೆನಪಿರಲಿಲ್ಲ. ಅವರೇ ಒಂದು ಮಾಡಿಕೊಂಡರು. ದಪ್ಪ ತಂತಿಯಿಂದ ತೆಳುವಿನವರೆಗೆ ಇ, ಎ, ಡಿ, ಜಿ, ಬಿ, ಇ: 'ಇಲಿ-ಎಮ್ಮೆ ಡಿಕ್ಕಿ, ಜಿರಳೆ ಬಿತ್ತು ಇಲ್ಲೇ.' ಈಗ ಎಲ್ಲ ಬ್ಯಾಚ್‌ಗೂ ಅದೇ ಮಂತ್ರ.

ಎಲ್ಲರಿಗೂ ಬೆರಳು ಒಂದೇ ವೇಗಕ್ಕೆ ಬಗ್ಗುವುದಿಲ್ಲ. ಒಬ್ಬ ಹುಡುಗನಿಗೆ ಎಷ್ಟು ಮಾಡಿದರೂ ಮೂರು ತಂತಿಯ ಪಾಠ ಕೈಗೆ ಹತ್ತಲಿಲ್ಲ. ಉಳಿದವರು ಮುಗಿಸಿದಾಗ ಇವನಿನ್ನೂ ಮೊದಲ ಸಾಲಿನಲ್ಲಿರುತ್ತಿದ್ದ, ಕಣ್ಣಲ್ಲಿ ನೀರು. ಸುಮ್ನೆ ಒಂದು ದಿನ ಅವನಿಗೆ, 'ನೀನು ತಂಬೂರಿ ಆಗು' ಅಂದೆ. ನಾಲ್ಕನೇ ತಂತಿ ಡಿ, ಜಿ ಗೆ ಅದು ಕೆಳಗಿನ ಪ. ಮೂರನೇ ತಂತಿ ಸ. ಎರಡನ್ನೂ ಏನೂ ಒತ್ತದೆ ತಾಳಕ್ಕೆ ಮೀಟುತ್ತಾ ಇರುವುದು, ಅಷ್ಟೇ. ಉಳಿದವರು ಅದರ ಮೇಲೆ ಹಾಡು ಬಾರಿಸಿದರು. ರೂಮಿನ ಶಬ್ದವೇ ಬದಲಾಯಿತು, ಮೊದಲ ಸಲ ಅದು ಸಂಗೀತದ ಹಾಗೆ ಕೇಳಿಸಿತು. ತಾಳ ಬಿಡದೆ ಹಿಡಿದದ್ದು ಅವನೇ. ಆಮೇಲೆ ತಂಬೂರಿ ಆಗುವುದಕ್ಕೆ ಜಗಳ ಶುರುವಾಗಿ ಸರದಿ ಮಾಡಬೇಕಾಯಿತು.

ಕಾರ್ಡ್ ಬೇಡವೇ ಬೇಡ ಅಂತಲ್ಲ. (ಒಬ್ಬ ಕೇಳಿದ್ದ: 'ಕಾರ್ಡ್ ಅಂದ್ರೆ ಎಟಿಎಂ ಕಾರ್ಡಾ ಸರ್?') ಈ ಹಾಡಿಗೆ ಜಿ, ಸಿ, ಡಿ ಮೂರು ಸಾಕು, ಆದರೆ ಸುಮಾರಾಗಿ ಎರಡೆರಡು ಎಣಿಕೆಗೆ ಬದಲಾಗುತ್ತವೆ, ಪುಟ್ಟ ಕೈಗೆ ಅದು ಆಗದ ಮಾತು. ಆ ಭಾಗ ನಾನು ಬಾರಿಸುತ್ತೇನೆ. ಎರಡನೇ ತಿಂಗಳಲ್ಲಿ ಒಂದೇ ಬೆರಳಿನ ಕಾರ್ಡ್ ಕೊಡುತ್ತೇನೆ: ಕೆಳಗಿನ ಮೂರು ತಂತಿ (1, 2, 3) ಮಾತ್ರ ಮೀಟಿ, ಮೊದಲನೇ ತಂತಿಯ 3ನೇ ಫ್ರೆಟ್ ಒತ್ತಿದರೆ ಜಿ, ಎರಡನೇ ತಂತಿಯ 1ನೇ ಫ್ರೆಟ್ ಒತ್ತಿದರೆ ಸಿ.

ಹ್ಯಾಪಿ ಬರ್ತ್‌ಡೇ ಹೇಳಿಕೊಡಿ ಅಂತ ಎಲ್ಲ ಮಕ್ಕಳೂ ಕೇಳುತ್ತಾರೆ. ಸುಲಭ ಅನ್ನಿಸುತ್ತದೆ, ಅಲ್ಲ. ಅದು ಮೂರರ ಎಣಿಕೆ, ಹಾಡು ಎತ್ತುವುದು ತಾಳದ ಪೆಟ್ಟಿಗಿಂತ ಮೊದಲು, ಮೂರನೇ ಸಾಲಿನಲ್ಲಿ ಪ ದಿಂದ ಮೇಲಿನ ಪ ಗೆ ಹಾರಬೇಕು. ಅದನ್ನು ಎರಡು ತಿಂಗಳು ಮುಂದೂಡುತ್ತೇನೆ. ಯಾರದ್ದಾದರೂ ಹುಟ್ಟುಹಬ್ಬ ನಡುವೆ ಬಂದರೆ ನಾನೇ ಬಾರಿಸುತ್ತೇನೆ, ಅವರು ಚಾಕೊಲೇಟ್ ಹಂಚುತ್ತಾರೆ.

ಮನೆಯ ಅಭ್ಯಾಸ ದಿನಕ್ಕೆ ಹತ್ತು ನಿಮಿಷ, ಅದಕ್ಕಿಂತ ಜಾಸ್ತಿ ಕೇಳುವುದಿಲ್ಲ. ಬೆರಳ ತುದಿ ಒಂದೆರಡು ವಾರ ಉರಿಯುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಎಡಗೈ ಉಗುರು ಕತ್ತರಿಸಿರಬೇಕು. ಮಾರ್ಚ್ ಬಂದರೆ ಪರೀಕ್ಷೆ ಅಂತ ಅರ್ಧ ಜನ ಮಾಯ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ತಂಬೂರಿ ಹುಡುಗನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಂದು ಶನಿವಾರ ಎಲ್ಲರೂ ಚಪ್ಪಲಿ ಹಾಕಿಕೊಳ್ಳುವಾಗ ಹಿಂದೆ ಉಳಿದು ಕೇಳಿದ: 'ಸರ್, ಈ ಹಾಡಲ್ಲಿ ಸ ಇದೆ, ರಿ ಇದೆ, ಎಲ್ಲ ಇದೆ. ನಿ ಎಲ್ಲಿ?' ಹೌದಲ್ಲ, ಹಾಡಿನಲ್ಲಿ ನಿ ಬರುವುದೇ ಇಲ್ಲ. 'ಮೊದಲನೇ ತಂತಿ ಮೇಲೆ ನೀನೇ ಹುಡುಕು' ಅಂದೆ. ಮಾರನೇ ದಿನ ಎಲ್ಲರಿಗಿಂತ ಮೊದಲು ಬಂದು ಕೂತಿದ್ದ. 9 ಒತ್ತಿದ, 11 ಒತ್ತಿದ, ಅಲ್ಲೇ ನಿಂತ.

'ಇದೇ ನಿ,' ಅಂದ. 'ಆದ್ರೆ ಇಲ್ಲಿ ನಿಲ್ಲಕ್ಕಾಗಲ್ಲ ಸರ್, ಹನ್ನೆರಡಕ್ಕೆ ಹೋಗ್ಲೇಬೇಕು ಅನ್ಸುತ್ತೆ.'

ಬಾಗಿಲ ಹತ್ತಿರದ ಕುರ್ಚಿಯಿಂದ ಅಜ್ಜಿ, 'ಹೋಗು, ಹೋಗು' ಅಂದರು.