ತರಗತಿಯ ಗೋಡೆಯಿಂದ ರ‍್ಯಾಂಕ್ ಪಟ್ಟಿ ಇಳಿಸಿದ ಮೇಲೆ

ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸಲು ಶುರುಮಾಡಿ ಹದಿನಾರು ವರ್ಷವಾಯಿತು. ಮೊದಲ ಹತ್ತು ವರ್ಷ ಪ್ರತಿ ಪರೀಕ್ಷೆ ಮುಗಿದ ಮೇಲೆ ಕೈಯಾರೆ ರ‍್ಯಾಂಕ್ ಪಟ್ಟಿ ಬರೆದು ಬಾಗಿಲ ಪಕ್ಕದ ಗೋಡೆಗೆ ಅಂಟಿಸುತ್ತಿದ್ದೆ. ಮೊದಲ ಮೂರು ಹೆಸರಿಗೆ ಕೆಂಪು ಸ್ಕೆಚ್ ಪೆನ್, ಉಳಿದವರಿಗೆ ನೀಲಿ, ಫೇಲಾದವರ ಹೆಸರಿನ ಕೆಳಗೆ ಒಂದು ಗೆರೆ. ಉತ್ತರ ಪತ್ರಿಕೆ ಹಂಚುವುದೂ ಅದೇ ಕ್ರಮದಲ್ಲಿ. ಹೆಚ್ಚು ಅಂಕದವರದು ಮೇಲೆ, ಕಡಿಮೆಯವರದು ಅಡಿಗೆ. ಕೈಯಲ್ಲಿನ ಕಟ್ಟು ತೆಳ್ಳಗಾದಂತೆಲ್ಲ, ಇನ್ನೂ ಹೆಸರು ಕೂಗದ ಮಕ್ಕಳು ಡೆಸ್ಕಿನ ಮೇಲೆ ಉಗುರಿನಿಂದ ಗೀರುತ್ತಾ ಕೂತಿರುತ್ತಿದ್ದರು. ಪತ್ರಿಕೆ ಕೊಡುವ ದಿನ ಏಳೆಂಟು ಮಕ್ಕಳು ಗೈರಾಗುವುದು ಮಾಮೂಲಾಗಿತ್ತು. ಹೊಟ್ಟೆನೋವು, ಹೊಲದ ಕೆಲಸ ಎಂದು ಕಾರಣ ಹೇಳುತ್ತಿದ್ದರು. ನಾನು ಅದನ್ನೇ ಹಾಜರಿ ಪುಸ್ತಕದಲ್ಲಿ ಗುರುತು ಹಾಕಿ ಸುಮ್ಮನಾಗುತ್ತಿದ್ದೆ.

ಒಂದು ಸಂಜೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಬಸ್ಸು ತಡವೆಂದು ಶಾಲೆಯಲ್ಲೇ ಉಳಿದಿದ್ದಳು. 42 ಮಕ್ಕಳ ತರಗತಿಯಲ್ಲಿ ಅವಳದು 31ನೇ ಸ್ಥಾನ. ಹಿಂದಿನ ಎರಡು ಪರೀಕ್ಷೆಗಳಲ್ಲಿ 33 ಮತ್ತು 29. ಸಮಯವಿತ್ತು, ಅವಳ ಪತ್ರಿಕೆ ತೆಗೆದು ಇಬ್ಬರೂ ಕೂತು ನೋಡಿದೆವು. ವರ್ಜಿಸುವ ವಿಧಾನದ ಒಂದು ಲೆಕ್ಕ ಹೀಗಿತ್ತು: 2ಎಕ್ಸ್ + 3ವೈ = 12, 2ಎಕ್ಸ್ − ವೈ = 4. ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು. 2ಎಕ್ಸ್ ಹೊಡೆದುಹಾಕಿದ್ದಳು, ಸರಿ. 12ರಲ್ಲಿ 4 ಕಳೆದು 8 ಬರೆದಿದ್ದಳು, ಅದೂ ಸರಿ. ನಡುವೆ 3ವೈ ಇಂದ ಮೈನಸ್ ವೈ ಕಳೆದಾಗ 4ವೈ ಬರಬೇಕಾದಲ್ಲಿ 2ವೈ ಬರೆದಿದ್ದಳು. ಹಾಗಾಗಿ ವೈ 4, ಎಕ್ಸ್ ಸೊನ್ನೆ. ಅಷ್ಟಕ್ಕೇ ಬಿಟ್ಟಿರಲಿಲ್ಲ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ತಾಳೆ ನೋಡಿದ್ದಳು. ಮೊದಲ ಸಮೀಕರಣಕ್ಕೆ ಆ ಬೆಲೆಗಳನ್ನು ಹಾಕಿದರೆ 0 + 12 = 12, ಸರಿಯಾಗಿ ಕೂರುತ್ತದೆ! ಎರಡನೆಯದಕ್ಕೂ ಹಾಕಿ ನೋಡಿದ್ದರೆ ತಪ್ಪು ಸಿಗುತ್ತಿತ್ತು. ತಾಳೆ ನೋಡುವಷ್ಟು ಶ್ರದ್ಧೆಯಿದ್ದ ಹುಡುಗಿಗೆ ನಾನು ಅಲ್ಲಿ ಬರೀ ಒಂದು ಕೆಂಪು ಗೀಟು ಎಳೆದಿದ್ದೆ.

ಪುಟ ತಿರುವಿದರೆ ಅದೇ ತಪ್ಪು ಸಮಾಂತರ ಶ್ರೇಢಿಯಲ್ಲಿತ್ತು, ನಿರ್ದೇಶಾಂಕ ರೇಖಾಗಣಿತದಲ್ಲೂ ಇತ್ತು. 5ರಿಂದ ಮೈನಸ್ 3 ಕಳೆದರೆ ಅವಳಿಗೆ 2 ಬರುತ್ತಿತ್ತು. ಋಣಸಂಖ್ಯೆಯನ್ನು ಕಳೆಯುವ ಆ ಒಂದು ಜಾಗದಲ್ಲಿ ಎಡವಿ ಅವಳು 80ರ ಪತ್ರಿಕೆಯಲ್ಲಿ 11 ಅಂಕ ಕಳೆದುಕೊಂಡಿದ್ದಳು. "ನಿಮ್ಮವ್ವ ಸಂಘದಾಗ ತಗೊಂಡ ಸಾಲದಾಗ ನೂರು ರೂಪಾಯಿ ಬಿಟ್ಟುಬಿಟ್ರ ನಿಮ್ಮ ಮನ್ಯಾಗ ರೊಕ್ಕ ಹೆಚ್ಚಾದಂಗೋ, ಕಡಿಮಿ ಆದಂಗೋ?" ಎಂದು ಕೇಳಿದೆ. "ಹೆಚ್ಚಾದಂಗ ಮೇಡಂ" ಎಂದಳು. ಸ್ವಲ್ಪ ಹೊತ್ತು ಪತ್ರಿಕೆ ನೋಡುತ್ತಾ ಇದ್ದು, ಕೇಳದೆಯೇ ಪೆನ್ಸಿಲ್ ಎತ್ತಿಕೊಂಡು ಮೂರೂ ಕಡೆ ತಿದ್ದಿದಳು. ಬಸ್ಸು ಬರುವಷ್ಟರಲ್ಲಿ ಮುಗಿಯಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 31 ಎಂಬ ಸಂಖ್ಯೆಯಲ್ಲಿ ಈ ಯಾವ ವಿಷಯವೂ ಇರಲಿಲ್ಲ. ಅವಳ ಮುಂದೆ ಮೂವತ್ತು ಮಂದಿ ಇದ್ದಾರೆ ಎಂಬುದಷ್ಟೇ ಅದು ಹೇಳುತ್ತಿತ್ತು. ಮರುದಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿದೆ. 12ನೇ ಸ್ಥಾನದ ಹುಡುಗನಿಗೆ 55, 20ನೇ ಸ್ಥಾನದವನಿಗೆ 52. ಎಂಟು ಸ್ಥಾನಗಳ ಅಂತರ ಮೂರೇ ಅಂಕ! ನಾನು ಒಂದು ಲೆಕ್ಕದಲ್ಲಿ ಹಂತಕ್ಕೆ ಅರ್ಧ ಅಂಕ ಬಿಗಿ ಹಿಡಿದಿದ್ದರೆ ಅಥವಾ ಸಡಿಲ ಬಿಟ್ಟಿದ್ದರೆ ಆ ಸಾಲೆಲ್ಲ ಅದಲುಬದಲಾಗುತ್ತಿತ್ತು. ಇಂಥ ಸಾಲನ್ನು ಮಕ್ಕಳು ತಮ್ಮ ಯೋಗ್ಯತೆ ಎಂದು ನಂಬಿದ್ದರು.

ಮುಂದಿನ ಜೂನ್‌ನಲ್ಲಿ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಶುರುಮಾಡಿದೆ. ಪತ್ರಿಕೆಗಳನ್ನು ಹಾಜರಿ ಸಂಖ್ಯೆಯ ಪ್ರಕಾರ, ಮಡಚಿ ಕೊಡುವುದು. ಗೋಡೆಗೆ ಪಟ್ಟಿ ಹಾಕದಿರುವುದು. ಅಂಕವನ್ನು ತೆಗೆಯಲಿಲ್ಲ. ತನಗೆಷ್ಟು ಬಂತೆಂದು ಮಗುವಿಗೂ ಮನೆಯವರಿಗೂ ಗೊತ್ತಾಗಲೇಬೇಕು. ಅಂಕದ ಬದಲು ಗ್ರೇಡ್ ಹಾಕಿದರೆ ಸಾಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎಂಟು, ಒಂಬತ್ತನೇ ತರಗತಿಗೆ ಎ ಪ್ಲಸ್‌ನಿಂದ ಸಿ ವರೆಗೆ ಗ್ರೇಡ್ ಬಂದಾಗ "ಸಿ ಹುಡುಗ್ರು" ಎಂಬ ಮಾತು ಸ್ಟಾಫ್ ರೂಮಿನಲ್ಲೇ ಹುಟ್ಟಿಕೊಂಡಿದ್ದನ್ನು ಕಿವಿಯಾರೆ ಕೇಳಿದ್ದೇನೆ.

ನಿಜವಾದ ಬದಲಾವಣೆ ಮೂರನೆಯದು. ಪತ್ರಿಕೆಗಳನ್ನು ಈಗ ಅಂಕದ ಪ್ರಕಾರ ಜೋಡಿಸುವುದಿಲ್ಲ, ತಪ್ಪಿನ ಪ್ರಕಾರ ಜೋಡಿಸುತ್ತೇನೆ. ಮಕ್ಕಳು ಪತ್ರಿಕೆಯ ಹಿಂಬದಿಯಲ್ಲಿ ಮೂರು ಕಾಲಂ ಹಾಕಿ ಬರೆಯುತ್ತಾರೆ: ಗೊತ್ತಿದ್ದೂ ತಪ್ಪಿದ್ದು, ಗೊತ್ತೇ ಇಲ್ಲದ್ದು, ಟೈಮ್ ಸಾಲದೆ ಬಿಟ್ಟಿದ್ದು. ಒಂದೇ ತಪ್ಪು ಮಾಡಿದ ನಾಲ್ಕೈದು ಮಂದಿಯನ್ನು ಒಟ್ಟಿಗೆ ಕೂರಿಸುತ್ತೇನೆ. ಪ್ರಮೇಯದ ಚಿತ್ರಕ್ಕೆ ಹೆಸರು ಕೊಡುವುದನ್ನು ಮರೆತ 72 ಅಂಕದವನು, ಅದನ್ನೇ ಮರೆತ 28 ಅಂಕದವನ ಪಕ್ಕ ಕೂರುತ್ತಾನೆ. ಇಬ್ಬರಿಗೂ ಆ ದಿನದ ಕೆಲಸ ಒಂದೇ. ಹೀಗೆ ಕೂರಿಸಿದ ಮೊದಲ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ "ಅವಂದೂ ತಪ್ಪೈತೇನ್ರೀ ಮೇಡಂ?" ಎಂದು ಬೆರಗಿನಿಂದ ಕೇಳಿದ. ಜಾಣರೂ ತಪ್ಪು ಮಾಡುತ್ತಾರೆಂದು ಆತ ಎರಡು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಇದಕ್ಕೆ ಸಮಯ ಬೇಕು. ಮೊದಲು ಎರಡು ಸಂಜೆಯಲ್ಲಿ ಮುಗಿಯುತ್ತಿದ್ದ 42 ಪತ್ರಿಕೆಗಳಿಗೆ ಈಗ ನಾಲ್ಕು ಸಂಜೆ ಹಿಡಿಯುತ್ತದೆ.

ವಿರೋಧ ಬಂತು. ಅದರಲ್ಲಿ ಒಂದು ಮಾತು ಇಂದಿಗೂ ನನ್ನನ್ನು ಕಾಡುತ್ತದೆ. ಯಾವಾಗಲೂ ಮೊದಲ ಸ್ಥಾನದಲ್ಲಿರುತ್ತಿದ್ದ ಹುಡುಗಿಯ ತಂದೆ ಮಾರುಕಟ್ಟೆಯಲ್ಲಿ ಹಮಾಲಿ. ಪಾಲಕರ ಸಭೆಯಲ್ಲಿ ಎಲ್ಲರೂ ಹೋಗುವವರೆಗೆ ಕಾದು ನಿಂತು, "ಅಕ್ಕಾರ, ನನ್ನ ಮಗಳು ಮೊದಲನೇ ನಂಬರ್ ಅಂತ ಊರಾಗ ಹೇಳ್ಕೊಂತಿದ್ದೆ ನೋಡ್ರಿ. ನಮಗಿರೋ ಆಸ್ತಿ ಅದೊಂದ ಆಗಿತ್ತು. ಅದನ್ನೂ ತಗದ್ರಿ" ಎಂದರು. ನನ್ನಲ್ಲಿ ತಕ್ಷಣಕ್ಕೆ ಉತ್ತರವಿರಲಿಲ್ಲ. ಆ ಹುಡುಗಿ ಕೂಡ ಎರಡು ತಿಂಗಳು ಮಂಕಾಗಿದ್ದಳು, ನೋಟ್ಸ್ ಅರ್ಧ ಬಿಡುತ್ತಿದ್ದಳು. ಹಿಂದೆ ಇರುವವರನ್ನು ನೋಡಿ ಓದುತ್ತಿದ್ದವಳಿಗೆ ಮುಂದೆ ಏನನ್ನಾದರೂ ಇಡಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ. ಆಮೇಲೆ ಪಠ್ಯದಾಚೆಯ ಕಠಿಣ ಲೆಕ್ಕಗಳನ್ನು ಬೇರೆ ನೋಟ್‌ಬುಕ್ಕಿನಲ್ಲಿ ಕೊಡತೊಡಗಿದೆ. ಒಂದು ಶನಿವಾರ ತಂದೆಯನ್ನು ಕರೆಸಿ, ಥೇಲ್ಸ್‌ನ ಪ್ರಮೇಯವನ್ನು ಅವಳು ಬೋರ್ಡಿನ ಮೇಲೆ ವಿವರಿಸುವುದನ್ನು ಕೂತು ಕೇಳುವಂತೆ ಮಾಡಿದೆ. ಹೋಗುವಾಗ ಕೈ ಮುಗಿದರು. ಮೊದಲಿನಷ್ಟು ಸಂತೋಷ ಅವರಿಗೆ ಆಯಿತೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಇನ್ನು ದತ್ತಿನಿಧಿ. ನಮ್ಮ ಶಾಲೆಗೆ ಹಿರಿಯರೊಬ್ಬರು ಇಟ್ಟ ಠೇವಣಿಯ ಬಡ್ಡಿಯಲ್ಲಿ ಆಗಸ್ಟ್ 15ರಂದು ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಬಹುಮಾನವಿದೆ. ಅದನ್ನು ಮುಟ್ಟಲಿಲ್ಲ. ಆ ಪರೀಕ್ಷೆಯ ಅಂಕದ ಮೇಲೆ ಪಿಯು ಸೀಟು ನಿಂತಿದೆ, ಆಮೇಲೆ ಸಿಇಟಿ ಇದೆ. ಸೀಟು ಕಡಿಮೆ, ಅರ್ಜಿ ಹೆಚ್ಚು ಇದ್ದಲ್ಲಿ ಸಾಲು ಹಚ್ಚುವುದು ಅನಿವಾರ್ಯ. ಎಂಟನೇ ತರಗತಿಯ ಕಿರುಪರೀಕ್ಷೆಯಲ್ಲಿ ಯಾವ ಸೀಟಿದೆ? ಅಲ್ಲಿ ಯಾಕೆ ಸಾಲು? ಸಿಬಿಎಸ್‌ಇ 2020ರಿಂದಲೇ ಮೆರಿಟ್ ಪಟ್ಟಿ ಪ್ರಕಟಿಸುತ್ತಿಲ್ಲ. ಪ್ರಥಮ, ದ್ವಿತೀಯ, ತೃತೀಯ ದರ್ಜೆಗಳನ್ನೂ ಅದು ಕೊಡುವುದಿಲ್ಲ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಮಕ್ಕಳ ಜೊತೆ ಜಿಲ್ಲೆಗಳನ್ನೂ ಸಾಲಾಗಿ ನಿಲ್ಲಿಸುತ್ತಾರೆ. 2024ರಲ್ಲಿ ಉಡುಪಿ ಶೇ. 94ರೊಂದಿಗೆ ಮೊದಲು, ಯಾದಗಿರಿ ಶೇ. 50.59ರೊಂದಿಗೆ ಕೊನೆ. ಯಾದಗಿರಿಯ ಯಾವ ಶಾಲೆಯಲ್ಲಿ ಗಣಿತದ ಮೇಷ್ಟ್ರೇ ಇಲ್ಲ ಎಂಬುದು ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಅದೇ ಒತ್ತಡ ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಶಾಲೆಗೆ, ಶಾಲೆಯಿಂದ ನನ್ನ ಮೂಲಕ ಹದಿನೈದು ವರ್ಷದ ಮಗುವಿನ ತಲೆಗೆ ಇಳಿಯುತ್ತದೆ.

ಇದರಿಂದ ನಮ್ಮ ಫಲಿತಾಂಶ ಒಮ್ಮೆಲೇ ಏರಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೆಲ ವರ್ಷ ಏರಿದೆ, ಒಂದು ವರ್ಷ ಇಳಿದಿದೆ. ಪತ್ರಿಕೆ ಕೊಡುವ ದಿನದ ಗೈರುಹಾಜರಿ ಮಾತ್ರ ನಿಂತುಹೋಗಿದೆ. ಪತ್ರಿಕೆ ಕೈಗೆ ಬಂದೊಡನೆ ಪಕ್ಕದವರ ಅಂಕ ಇಣುಕಿ ನೋಡುವ ಮಕ್ಕಳು ಈಗಲೂ ಇದ್ದಾರೆ, ಅದನ್ನು ತಡೆಯಲು ಹೋಗುವುದಿಲ್ಲ.

ಬೇರೆ ಶಾಲೆಯ ಶಿಕ್ಷಕರು ಕೇಳಿದಾಗ ನಾನು ಹೇಳುವುದಿಷ್ಟು. ಹತ್ತನೇ ತರಗತಿಗೆ ಜನವರಿಯಲ್ಲಿ ಶುರುಮಾಡಬೇಡಿ. ಪೂರ್ವಸಿದ್ಧತಾ ಪರೀಕ್ಷೆಯ ಗದ್ದಲದಲ್ಲಿ ನಿಮಗೂ ಸಹನೆ ಇರುವುದಿಲ್ಲ, ಪಾಲಕರಿಗೂ ಇರುವುದಿಲ್ಲ. ಜೂನ್‌ನಲ್ಲಿ, ಎಂಟನೇ ತರಗತಿಯ ಮೊದಲ ಕಿರುಪರೀಕ್ಷೆಯಿಂದ ಶುರುಮಾಡಿ. ಗೋಡೆಯ ಪಟ್ಟಿಯ ವಿಚಾರ ಆಮೇಲಿರಲಿ. ಮೊದಲು ಪತ್ರಿಕೆಗಳನ್ನು ಹಾಜರಿ ಸಂಖ್ಯೆಯ ಪ್ರಕಾರ ಜೋಡಿಸಿಕೊಂಡು ತರಗತಿಗೆ ಹೋಗಿ.