ಎಂಜಿಬಿಗೆ ಕಡ್ಡಿ ಚಕ್ರ: ನಡುಕ ಕೊನೆಗೂ ನಿಂತಿತು

ನನ್ನದು 1972ರ ಎಂಜಿಬಿ, ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು, ಇರೋದು ಬರ್ಮಿಂಗ್ಹ್ಯಾಮ್‌ನಲ್ಲಿ. ಕೊಂಡಾಗ ರೋಸ್ಟೈಲ್ ಅನ್ನೋ ಉಕ್ಕಿನ ತಟ್ಟೆಯ ಚಕ್ರಗಳಿದ್ದವು. ನನಗೆ ಸೈಕಲ್ಲಿನ ಹಾಗೆ ಕಡ್ಡಿ ಇರುವ ಚಕ್ರವೇ (ವೈರ್ ವೀಲ್) ಬೇಕಿತ್ತು. ಅದನ್ನು ಕೂರಿಸೋಕೆ ಹಳೇ ಹಬ್ಬಿಗೇ ನಟ್ ಬಿಗಿದು ಹಾಕೋ ಬೋಲ್ಟ್-ಆನ್ ಅಡಾಪ್ಟರ್ ಒಂದು ದಾರಿ, ಕಡ್ಡಿ ಚಕ್ರಕ್ಕೇ ಮಾಡಿದ ಆಕ್ಸಲ್ ಇನ್ನೊಂದು. "ಬೋಲ್ಟ್-ಆನ್ ಅಡಾಪ್ಟರ್ ಹಾಕಿದರೆ 60 ಮೈಲಿ ವೇಗಕ್ಕೆ ಸ್ಟಿಯರಿಂಗ್ ನಡುಗುತ್ತೆ, ಟೈರ್ ಮಡ್ಗಾರ್ಡಿಗೆ ಉಜ್ಜುತ್ತೆ, ವೈರ್ ವೀಲ್ ಆಕ್ಸಲ್ಲನ್ನೇ ಹಾಕು" ಅಂತ ನಾನು ಕೇಳಿದವರೆಲ್ಲ ಹೇಳಿದರು. ಹಳೇ ಆಕ್ಸಲ್ಲಿಗೇ 600 ಪೌಂಡ್ ಹೇಳಿದರು. ನಾನು ಅಡಾಪ್ಟರ್ ಮತ್ತು ಸ್ಪಿನ್ನರಿಗೆ (ಚಕ್ರವನ್ನು ಮಧ್ಯದಲ್ಲಿ ಬಿಗಿಯುವ ದೊಡ್ಡ ನಟ್) ಸುಮಾರು 350, ಬಳಸಿದ ಐದು ಚಕ್ರಗಳಿಗೆ 400 ಕೊಟ್ಟೆ.

ಮೊದಲ ದಿನವೇ ಎಡವಟ್ಟಾಯಿತು. ಸ್ಪಿನ್ನರನ್ನು ತಾಮ್ರದ ಸುತ್ತಿಗೆಯಿಂದ ಎಷ್ಟು ಹೊಡೆದರೂ ಚಕ್ರ ಮೇಲೆ ಕೆಳಗೆ ಅಲುಗುತ್ತಿತ್ತು. ಬಿಚ್ಚಿ ನೋಡಿದರೆ ಒಳಗಿನ ಗ್ರೀಸಿನಲ್ಲಿ ನಾಲ್ಕು ಹೊಳೆಯುವ ಚುಕ್ಕೆ. ಹಬ್ಬಿನ ಸ್ಟಡ್ಡುಗಳು, ಅಂದರೆ ಅಡಾಪ್ಟರ್ ಹಿಡಿದಿಡೋ ಬೋಲ್ಟುಗಳು, ಅಡಾಪ್ಟರ್ ನಟ್ಟಿನಿಂದ ಹೊರಗೆ ಬಂದು ಚಕ್ರವನ್ನು ತಡೆಯುತ್ತಿದ್ದವು. ಒಂದೊಂದನ್ನೂ 3 ಮಿಲಿಮೀಟರ್‌ನಷ್ಟು ಕತ್ತರಿಸಿ, ಗಿಡ್ಡ ನಟ್ ಹಾಕಿದೆ. ಅಲುಗಾಟ ಹೋಯಿತು.

ಆದರೆ ನಡುಕ ಹೋಗಲಿಲ್ಲ. ಮೂರು ಟೈರ್ ಅಂಗಡಿಗಳಲ್ಲಿ ಬ್ಯಾಲೆನ್ಸ್ ಮಾಡಿಸಿದೆ, ಒಂದೊಂದಕ್ಕೂ 40 ಪೌಂಡ್. ಒಂದು ಚಕ್ರಕ್ಕೆ 90 ಗ್ರಾಂ ತೂಕದ ತುಂಡು ಅಂಟಿಸಿ ಕೊಟ್ಟರು! ಅಷ್ಟು ಬೇಕಾಗೋದು ಹೇಗೆ? ಅಂಗಡಿಯವರ ಬ್ಯಾಲೆನ್ಸ್ ಯಂತ್ರದಲ್ಲಿ ಚಕ್ರ ಹಿಡಿಯೋ ಕೋನ್ ಬರೀ ಮಧ್ಯದ ತೂತಿಗೆ ಕೂರುತ್ತೆ. ಕಾರಿನಲ್ಲಿ ಚಕ್ರ ಕೂರೋದು ಎರಡು ಇಳಿಜಾರು ಮುಖಗಳ ಮೇಲೆ, ಒಂದು ಒಳಗೆ, ಒಂದು ಸ್ಪಿನ್ನರಿನ ಕೆಳಗೆ. ಕೇಂದ್ರವೇ ಬೇರೆ ಆದರೆ ಬ್ಯಾಲೆನ್ಸ್ ಸುಮ್ನೆ ಲೆಕ್ಕ. ಲೇತ್ ಇಟ್ಟುಕೊಂಡ ಗೆಳೆಯನ ಹತ್ತಿರ ಎರಡೂ ಕಡೆಗೆ ಹೊಂದುವ ಅಲ್ಯೂಮಿನಿಯಂ ಕೋನ್ ಜೋಡಿ ಮಾಡಿಸಿದೆ, 70 ಪೌಂಡ್ ಆಯಿತು. ಅಳತೆ ಇಲ್ಲಿ ಕೊಡೋದಿಲ್ಲ, ನಿಮ್ಮ ಹಬ್ಬಿನಿಂದಲೇ ತೆಗೆದುಕೊಳ್ಳಿ.

ಅದಕ್ಕೂ ಮುಂಚೆ ಚಕ್ರಗಳ ಬೆಂಡ್ ತೆಗೆದಿದ್ದೆ. ಹಾಸನದಲ್ಲಿ ನಮ್ಮ ಬೀದಿಯ ಸೈಕಲ್ ಅಂಗಡಿಯಲ್ಲಿ ಕೂತು ಕಲಿತ ವಿದ್ಯೆ ಅದು. ಕಡ್ಡಿಯನ್ನು ಸ್ಪ್ಯಾನರಿನಿಂದ ತಟ್ಟಿದರೆ ಬಿಗಿಯಾದದ್ದು ಟಿಣ್ ಅನ್ನುತ್ತೆ, ಸಡಿಲಾದದ್ದು ಟಕ್. 60 ಕಡ್ಡಿಯ ಒಂದು ಚಕ್ರದಲ್ಲಿ 7 ಸಡಿಲ ಇದ್ದವು. ಹೊಸ ಕೋನಿನಲ್ಲಿ ಅದೇ ಚಕ್ರಕ್ಕೆ 25 ಗ್ರಾಂ ಸಾಕಾಯಿತು.

ನಡುವೆ ಟ್ಯೂಬ್ ಇಲ್ಲದೆ ಓಡಿಸೋ ಆಸೆಯೂ ಬಂತು. ಗಾಳಿ ಸೋರದಿರಲಿ ಅಂತ ರಿಮ್ಮಿನೊಳಗೆ ಕಡ್ಡಿಯ ತಲೆಗಳ ಮೇಲೆ ಸಿಲಿಕೋನ್ ಬಳಿದೆ. ಮೂರೇ ದಿನದಲ್ಲಿ ಗಾಳಿ ಅರ್ಧ ಇಳಿಯಿತು. ಮತ್ತೆ ರಿಮ್ ಟೇಪು, ಟ್ಯೂಬು.

ಟೈರ್ ಉಜ್ಜೋದೂ ನಿಜವೇ, ಎಡ ಹಿಂಬದಿಯಲ್ಲಿ ಮಾತ್ರ. ಮಡ್ಗಾರ್ಡಿನ ಅಂಚು ಮಡಚಿದೆ. ಪೇಂಟ್ ಒಡೆಯದ ಹಾಗೆ ಮಡಚಿದ ಉಪಾಯ ನನ್ನ ಹತ್ತಿರವೇ ಇರಲಿ.

ಈಗ ನಾಲ್ಕು ಸಾವಿರ ಮೈಲಿ ಆಗಿದೆ. ಎಂ40 ಹೆದ್ದಾರಿಯಲ್ಲಿ 70 ಮೈಲಿ ವೇಗಕ್ಕೆ ಎರಡು ಬೆರಳಲ್ಲೇ ಸ್ಟಿಯರಿಂಗ್ ಹಿಡಿಯಬಹುದು. ಆಕ್ಸಲ್ಲೇ ಬೇಕು ಅಂದಿದ್ದ ಒಬ್ಬರು ಕಳೆದ ಭಾನುವಾರ ನನ್ನ ಕೋನ್ ಜೋಡಿಯನ್ನು ಕೇಳಿ ತೆಗೆದುಕೊಂಡು ಹೋದರು.