ಗ್ರೀನಿಚ್‌ಗೆ ಹೋದರೆ ಕ್ವೀನ್ಸ್ ಹೌಸ್ ಬಿಡಬೇಡಿ

ಊರಿಂದ ಅಪ್ಪ-ಅಮ್ಮನ್ನ ಲಂಡನ್‌ಗೆ ಕರೆಸಿಕೊಳ್ಳೋರು ಗ್ರೀನಿಚ್‌ಗೆ ಅಂತಲೇ ಒಂದಿಡೀ ದಿನ ಇಟ್ಟುಕೊಳ್ಳಿ. ಬಹಳ ಜನ ಸೀದಾ ಗುಡ್ಡ ಹತ್ತಿ, ಶೂನ್ಯ ರೇಖಾಂಶದ ಗೆರೆ ಮೇಲೆ ಫೋಟೋ ತೆಗೆಸಿಕೊಂಡು ಇಳಿದುಬಿಡ್ತಾರೆ. ಕೆಳಗಿನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂ (ಹಡಗು, ಸಮುದ್ರಯಾನದ ಮ್ಯೂಸಿಯಂ) ಮತ್ತು ಪಕ್ಕದ ಕ್ವೀನ್ಸ್ ಹೌಸ್ ಎರಡಕ್ಕೂ ಪ್ರವೇಶ ಉಚಿತ. ಟಿಕೆಟ್ ಬೇಕಾಗೋದು ಗುಡ್ಡದ ಮೇಲೆ ಆ ಗೆರೆ ಇರುವ ಅಬ್ಸರ್ವೇಟರಿಗೆ (ಖಗೋಳ ವೀಕ್ಷಣಾಲಯ), ಕಟ್ಟಿ ಸಾರ್ಕ್ ಹಡಗಿಗೆ.

ನನ್ನ ಮಾತು ಕೇಳಿ, ಮೊದಲು ಕ್ವೀನ್ಸ್ ಹೌಸ್‌ಗೆ ಹೋಗಿ. ವಾಸ್ತುಶಿಲ್ಪಿ ಇನಿಗೋ ಜೋನ್ಸ್ 1616ರಲ್ಲಿ ಶುರುಮಾಡಿದ ರಾಣಿಯ ಮನೆ ಅದು. ಅಲ್ಲಿನ ಟ್ಯುಲಿಪ್ ಮೆಟ್ಟಿಲಿನ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿ. ಸುರುಳಿ ಸುತ್ತಿಕೊಂಡು ಮೇಲೇರುವ ಮೆಟ್ಟಿಲು, ನಡುವೆ ಆಸರೆಗೆ ಒಂದು ಕಂಬವೂ ಇಲ್ಲ! ಪ್ರತಿ ಕಲ್ಲಿನ ಒಂದು ತುದಿ ಗೋಡೆಯೊಳಗೆ, ಉಳಿದ ಭಾರ ಕೆಳಗಿನ ಕಲ್ಲಿನ ಮೇಲೆ. ನೀಲಿ ಕಬ್ಬಿಣದ ಕಟಾಂಜನದ ಹೂಗಳು ಟ್ಯುಲಿಪ್ ಅಲ್ಲ, ಲಿಲ್ಲಿ ಇರಬೇಕು ಅಂತಾರೆ. ಹೆಸರು ಮಾತ್ರ ಟ್ಯುಲಿಪ್ ಅಂತಲೇ ಉಳಿದಿದೆ.

ಮ್ಯೂಸಿಯಂನಲ್ಲಿ ಯಾವ್ಯಾವ ಗ್ಯಾಲರಿ ತೆರೆದಿವೆ ಅಂತ ಮೊದಲೇ ನೋಡಿಕೊಂಡು ಹೋಗಿ. ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾ ಸೇನಾನಿ ನೆಲ್ಸನ್ ತೊಟ್ಟಿದ್ದ ಕೋಟು ಅಲ್ಲಿನ ಸಂಗ್ರಹದಲ್ಲಿದೆ, ಎಡ ಭುಜದಲ್ಲಿ ಗುಂಡು ಹೊಕ್ಕ ತೂತು ಹಾಗೇ ಇದೆ.

ಊಟದ ಡಬ್ಬಿ ಕಟ್ಟಿಕೊಂಡು ಹೋಗಿ. ಹಿಂದೆಯೇ ಗ್ರೀನಿಚ್ ಪಾರ್ಕ್, ಹುಲ್ಲಿನ ಮೇಲೆ ಆರಾಮಾಗಿ ಕೂತು ಚಿತ್ರಾನ್ನ ತಿನ್ನಬಹುದು. ಜೂನ್, ಜುಲೈ ಆದರೆ ಗುಲಾಬಿ ತೋಟ ನೋಡಲೇಬೇಕು. ಮಂಡಿನೋವಿನವರಿಗೆ ಗುಡ್ಡದ ದಾರಿ ಕಷ್ಟ, ಒತ್ತಾಯ ಮಾಡಬೇಡಿ.

ವಾಪಸ್ ಬರುವಾಗ ಥೇಮ್ಸ್‌ನಲ್ಲಿ ದೋಣಿ ಹತ್ತಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಳಿಯಿರಿ. ಸೇತುವೆ ದಾಟಿ ನದಿ ದಂಡೆಯಲ್ಲೇ ಲ್ಯಾಂಬೆತ್ ಸೇತುವೆ ಕಡೆ ನಡೆದರೆ ನಮ್ಮ ಬಸವಣ್ಣನವರ ಪ್ರತಿಮೆ ಸಿಗುತ್ತೆ.